ನಾಲಿಗೆ ತಡೆದ ಸಾಲು

"ಗುಂಡಿ ತಾನಾಗಿ ಬಿತ್ತಾ, ನೀವೇ ಕಿತ್ರಾ?"

ಹೊಲಿಗೆ ಮಶೀನಿನಿಂದ ತಲೆಯೆತ್ತದೆ ಅವಳು ಕೇಳಿದಳು. ಕೌಂಟರಿನ ಆಚೆ ನಿಂತಿದ್ದ ವ್ಯಾನ್ ಡ್ರೈವರ್ ಕಿವಿಯವರೆಗೂ ಕೆಂಪಾದ. ಅದೇ ಅಂಗಿ ಆ ವಾರ ಮತ್ತೆ ಬಂದಿತ್ತು.

"ನಿಮ್ಮ ದಾರ ಗಟ್ಟಿ ಇಲ್ಲ ಕಣ್ರೀ."

"ಬಟ್ಟೆನೂ ಕಿತ್ಕೊಂಡು ಬಂದಿದೆಯಲ್ಲ! ಹಲ್ಲಲ್ಲಿ ಕಚ್ಚಿ ಎಳೆದ್ರಾ?"

ಅವನು ಅಂಗಡಿ ತುಂಬ ನಕ್ಕ. ಅವಳು ನಗು ನುಂಗಿಕೊಂಡು ಸೂಜಿಗೆ ದಾರ ಪೋಣಿಸಿದಳು. ಕಣ್ಣು ಸೂಜಿಯ ಮೇಲಿರಲಿಲ್ಲ, ಬೆರಳಿಗೆ ಚುಚ್ಚಿಕೊಂಡಳು.

ಹೀಗೆ ಶುರುವಾದದ್ದು ಚರ್ಚಿನವರೆಗೂ ಹೋಯಿತು. ಪಾಸ್ಟರ್ ಇಬ್ಬರ ಮದುವೆಯ ಪ್ರಕಟಣೆ ಓದಿದರು. ಅವಳ ತಮ್ಮನಿಗಂತೂ ಹಿಗ್ಗೋ ಹಿಗ್ಗು. ಚರ್ಚಿನ ಗಾಯನ ತಂಡದಲ್ಲಿ ಅವನದೇ ದೊಡ್ಡ ದನಿ. "ಭಾವ, ಭಾವ" ಎನ್ನುತ್ತ ವ್ಯಾನಿನ ಮುಂದಿನ ಸೀಟು ಹಿಡಿದನೆಂದರೆ ಇಳಿಯುತ್ತಲೇ ಇರಲಿಲ್ಲ.

ಆ ಸೀಟಿನಲ್ಲೇ ತಮ್ಮ ಸತ್ತ.

ಹಾಡಿನ ಅಭ್ಯಾಸ ಮುಗಿಸಿ ಬರುವಾಗ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ, ವ್ಯಾನು ಗೋಡೆಗೆ ಗುದ್ದಿತು. ಡ್ರೈವರನ ಕೈ ಮುರಿಯಿತು, ಅಷ್ಟೆ. ಆಸ್ಪತ್ರೆಯಲ್ಲಿ ಯಾರೂ ಕೇಳುವ ಮೊದಲೇ ಅವನೇ ಬಾಯಿಬಿಟ್ಟ. "ಬ್ರೇಕ್ ಮೊದಲೇ ಸದ್ದು ಮಾಡ್ತಿತ್ತು. ನಾಳೆ ತೋರಿಸೋಣ ಅಂತ ಬಿಟ್ಟೆ."

ಆ 'ನಾಳೆ' ಅವಳ ಎದೆಯಲ್ಲಿ ಮುಳ್ಳಾಗಿ ನಿಂತಿತು. ಮದುವೆ ಮುರಿದುಬಿತ್ತು.

ಜೈಲು ಶಿಕ್ಷೆ ಮುಗಿಸಿ ಬಂದವನು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಗಾಡಿ ತೊಳೆಯುವ ಕೆಲಸಕ್ಕೆ ಸೇರಿದ. ಭಾನುವಾರ ಚರ್ಚಿನ ಕಡೇ ಬೆಂಚಿನಲ್ಲಿ ಒಬ್ಬನೇ ಕೂರುತ್ತಿದ್ದ. ಅವನ ಪಕ್ಕ ಕೂರುವವರಿರಲಿಲ್ಲ. ಅವಳು ಮುಂದೆ, ಅಮ್ಮನ ಜೊತೆ. ಎಲ್ಲರೂ ಒಟ್ಟಾಗಿ ಕರ್ತನ ಪ್ರಾರ್ಥನೆ ಹೇಳುವಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂತೆಂದರೆ ಅವಳ ನಾಲಿಗೆ ತಡೆಯುತ್ತಿತ್ತು. ಪಕ್ಕದಲ್ಲಿ ಅಮ್ಮನ ದನಿ ಮಾತ್ರ ನಡುಗುತ್ತಲೇ ಮುಂದೆ ಸಾಗುತ್ತಿತ್ತು.

ಅವಳಿಗೆ ತಡೆಯಲಾಗಲಿಲ್ಲ. ಒಮ್ಮೆ ಮನೆಗೆ ನಡೆಯುವಾಗ ಕೇಳಿಯೇಬಿಟ್ಟಳು. "ಹೇಗಮ್ಮ ಹೇಳ್ತೀಯ ಅದನ್ನ? ನಿಜವಾಗ್ಲೂ ಕ್ಷಮಿಸಿಬಿಟ್ಟಿದ್ದೀಯಾ?"

"ಎಲ್ಲಿ ಬಂತೇ! ಅವನ ಮುಖ ಕಂಡ್ರೆ ಹೊಟ್ಟೆ ಉರಿಯುತ್ತೆ." ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಬಾಯಲ್ಲಿ ಹೇಳ್ತೀನಿ, ಅಷ್ಟೆ. ಒಳಗೆ ಇಳಿಸೋದು ಯೇಸಪ್ಪನ ಕೆಲಸ. ನನ್ನ ಕೈಲಾಗಲ್ಲ ಅಂತ ಅವನ ಮೇಲೇ ಹಾಕಿದ್ದೀನಿ."

ಅವಳೂ ಹಾಗೇ ಮಾಡಿದಳು. ಮಶೀನು ತುಳಿಯುತ್ತ, ಬಟ್ಟೆ ಕತ್ತರಿಸುತ್ತ, ಹಲ್ಲು ಕಚ್ಚಿಕೊಂಡು ಆ ಸಾಲು ಹೇಳಿಕೊಂಡಳು. ಕೆಲವು ದಿನ ಬೈಗುಳದ ಹಾಗೆ ಹೊರಬರುತ್ತಿತ್ತು. ಆಗ ಕತ್ತರಿ ಕೆಳಗಿಟ್ಟು, "ನನ್ನಿಂದಾಗಲ್ಲ ಸ್ವಾಮಿ" ಎಂದು ಅಳುತ್ತಿದ್ದಳು. ಒಂದು ಮಧ್ಯಾಹ್ನ, ಯಾರದೋ ಲಂಗದ ಅಂಚು ಮಡಚುತ್ತಿದ್ದಾಗ, ತಾನು ತಮ್ಮನ ಹಾಡನ್ನು ಗುನುಗುತ್ತಿದ್ದೇನೆಂಬುದು ಅರಿವಾಗಿ ಬೆಚ್ಚಿದಳು. ದುಃಖ ಎಲ್ಲೂ ಹೋಗಿರಲಿಲ್ಲ. ಆದರೆ ಅದರ ಪಕ್ಕದಲ್ಲೇ ಯಾರೋ ಬಂದು ಕೂತು, ಭಾರದ ಒಂದು ತುದಿ ಹಿಡಿದಂತಿತ್ತು. ಎಷ್ಟೋ ಕಾಲದ ಮೇಲೆ ಅವಳು ಉಸಿರು ತುಂಬಿ ಹಾಡಿದಳು.

ಅಂಗಡಿ ಮುಚ್ಚಿ ನೇರ ಅವನು ಗಾಡಿ ತೊಳೆಯುವಲ್ಲಿಗೆ ಹೋದಳು.

ಅವಳನ್ನು ಕಂಡವನೇ ಅವನು ನೀರಿನ ಪೈಪು ಕೈಬಿಟ್ಟ. ಅದು ಹಾವಿನಂತೆ ಹೊರಳಾಡಿ ಇಬ್ಬರನ್ನೂ ತೋಯಿಸಿತು. ಒಂದು ಕ್ಷಣ ಹಳೆಯ ನಗು ಅವರ ತುಟಿಯವರೆಗೂ ಬಂತು.

"ನಿನ್ನನ್ನ ಕ್ಷಮಿಸಿದ್ದೀನಿ," ಎಂದಳು. "ಅದನ್ನ ಹೇಳೋಕೆ ಬಂದೆ."

ಅವನು ಸೋಪಿನ ನೀರಿನಲ್ಲೇ ಕುಸಿದು ಕೂತ. ಅತ್ತು ಮುಗಿಯುವವರೆಗೂ ಅವಳು ಅವನ ಹೆಗಲ ಮೇಲಿಟ್ಟ ಕೈ ತೆಗೆಯಲಿಲ್ಲ.

"ಪ್ರೀತಿ?" ಅವನು ತಲೆ ತಗ್ಗಿಸಿಯೇ ಕೇಳಿದ.

"ಅದು ಹೋಗಿದ್ರೆ ಇಷ್ಟು ಕಷ್ಟ ಆಗ್ತಿತ್ತೇನೋ ದಡ್ಡ?"

"ಹಾಗಾದ್ರೆ..."

"ಬೇಡ. ಕ್ಷಮಿಸಿದ್ದೀನಿ ಅಂತ ಅಮ್ಮ ಇನ್ನೂ ಬಾಯಲ್ಲೇ ಹೇಳ್ತಿದ್ದಾಳೆ. ಮಗ ಕೂರ್ತಿದ್ದ ಜಾಗದಲ್ಲಿ ನಿನ್ನನ್ನ ಕೂರಿಸಿ ಊಟ ಬಡಿಸು ಅನ್ನೋಕೆ ನನಗೆ ಬಾಯಿ ಬರಲ್ಲ."

"ನಾನು ಕಾಯ್ತೀನಿ."

"ಯಾವುದಕ್ಕೆ? ಅವಳು ಕಣ್ಮುಚ್ಚೋದಕ್ಕಾ?"

ಅವನು ಎದ್ದು ನಲ್ಲಿ ನಿಲ್ಲಿಸಿದ. ಬೇರೆ ಊರಿನಲ್ಲಿರುವ ಚಿಕ್ಕಪ್ಪ ಕರೆಯುತ್ತಲೇ ಇದ್ದಾನೆ, ಇವತ್ತಿನ ಬಸ್ಸಿಗೇ ಹೊರಡುತ್ತೇನೆ ಎಂದ. ಅವಳು ಆಗಲಿ ಎಂದು ತಲೆಯಾಡಿಸಿದಳು. ಅಲ್ಲೇ ಕೈ ಹಿಡಿದು ನಿಂತು ಇಬ್ಬರೂ ಪ್ರಾರ್ಥಿಸಿದರು. ಅವಳ ದನಿ ಎಲ್ಲೂ ತಡೆಯಲಿಲ್ಲ. ಆಮೆನ್ ಎಂದ ಮೇಲೆ ಕೈ ಬಿಡಿಸಿಕೊಳ್ಳುವುದೇ ಕಷ್ಟವಾಯಿತು.

ಅವಳು ಮನೆಗೆ ಬಂದಾಗ ಅಮ್ಮ ತಟ್ಟೆ ಹಾಕುತ್ತಿದ್ದಳು.

"ಯಾಕೇ ಹೀಗೆ ನೆನೆದಿದ್ದೀಯ? ಎಲ್ಲಿಗೆ ಹೋಗಿದ್ದೆ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅವನ ಹತ್ರ."

ಅಮ್ಮ ಒಲೆಯ ಕಡೆ ತಿರುಗಿ ನಿಂತಳು. ಸೌಟು ಪಾತ್ರೆಯಲ್ಲೇ ನಿಂತುಬಿಟ್ಟಿತು. ಈಗ ಬೈಯುತ್ತಾಳೆ, ಈಗ ಅಳುತ್ತಾಳೆ ಎಂದು ಮಗಳು ಕಾದಳು.

"ಸೊರಗಿಹೋಗಿದ್ದಾನೆ ಅವನು," ಎಂದಳು ಅಮ್ಮ, ಬೆನ್ನು ಹಾಕಿಯೇ. "ಹೊತ್ತಿಗೆ ಸರಿಯಾಗಿ ಊಟನಾದ್ರೂ ಮಾಡ್ತಾನಂತಾ?"

ಅವಳು ಬಸ್ ಸ್ಟ್ಯಾಂಡಿಗೆ ಓಡಿದಳು. ಅಷ್ಟರಲ್ಲಿ ಅವನ ಬಸ್ಸು ಹೊರಟುಹೋಗಿತ್ತು.