ಮೂಲೆಯ ಗುಂಡಿ

ಕಲ್ಲುಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ನಮ್ಮ ಕೊನೋ ಸೀಮೆಯ ಮಕ್ಕಳು ಹೊಳೆದಂಡೆಯ ವಜ್ರಗಳನ್ನು ಎಸೆದು ಹಕ್ಕಿ ಓಡಿಸುತ್ತಿದ್ದರಂತೆ. ಅಜ್ಜಿ ಕಥೆ ಶುರುಮಾಡುತ್ತಿದ್ದುದೇ ಹೀಗೆ. ಆಮೇಲೆ ಹೆಸರುಗಳು ಬಂದವು: ಎಂಟು ಮುಖದ ತಿಳಿಗಲ್ಲು ಗ್ಲಾಸಿ, ಚಪ್ಪಟೆ ಮುಕ್ಕೋನದ್ದು ಮಾಕಲ್, ಅರೆಯಲಿಕ್ಕಷ್ಟೇ ಬರುವ ಕರಿಕಲ್ಲು ಬೋರ್ಟ್. ಕೊನೆಗೆ ಬಂದದ್ದು, ಬಂದೂಕು ಕೊಳ್ಳಲು ಯುದ್ಧದಲ್ಲಿ ಅಗೆಸಿದ ಕಲ್ಲಿನ ಹೆಸರು, ರಕ್ತದ ವಜ್ರ.

ಫೆಂಗಾಯ್‌ನ ಸಂಕಟವೆಲ್ಲ ಆ ಕೊನೆಯ ಹೆಸರಿನಲ್ಲಿತ್ತು. ಒಲೆಯ ಕೆಳಗೆ ಅವನು ಹೂತಿಟ್ಟಿದ್ದ ಗ್ಲಾಸಿ ಪಾರಿವಾಳದ ಮೊಟ್ಟೆಯ ಅರ್ಧದಷ್ಟಿತ್ತು. ಆದರೆ ಅದು ಯುದ್ಧದ ಕಾಲದ್ದು. ಈಗ ಶಾಂತಿ ಬಂದು ಮೂರು ವರ್ಷ; ಯಾವ ಗುಂಡಿಯದೆಂಬ ಕಾಗದವಿಲ್ಲದೆ ಯಾರೂ ಕಲ್ಲು ಮುಟ್ಟುತ್ತಿರಲಿಲ್ಲ.

ಯುದ್ಧ ನಡೆದಿದ್ದಾಗ ಬಂಡುಕೋರರು ಅವನ ಜಮೀನಿನಲ್ಲೇ ಅವನನ್ನೂ ಗೆಳೆಯ ಟಂಬಾನನ್ನೂ ಬಂದೂಕು ತೋರಿಸಿ ಅಗೆಸುತ್ತಿದ್ದರು. ಕಾವಲಿನವರು ಊಟಕ್ಕೆ ಹೋದ ಹೊತ್ತಿನಲ್ಲಿ ಗುಂಡಿಯ ಗೋಡೆ ಕುಸಿದು ಟಂಬಾ ಎದೆವರೆಗೆ ಹೂತುಹೋದ. ಎರಡು ಕೈಗಳಲ್ಲಿ ತಾಮ್ರದ ಕಡಗದ್ದೊಂದೇ ಮಣ್ಣಿನ ಹೊರಗಿತ್ತು, ಅದರಲ್ಲಿ ಕಲ್ಲು. "ಮೊದ್ಲು ಇದನ್ನ ಹಿಡ್ಕೊಳೋ, ಆಮೇಲೆ ನನ್ನ ಎಳಿ" ಅಂದಿದ್ದ, ನಗುತ್ತಲೇ. ಫೆಂಗಾಯ್ ಕಲ್ಲು ಹಿಡಿದುಕೊಂಡ. ಆಮೇಲೆ ಸಲಿಕೆ ಹಿಡಿದ, ಅಗೆದು ತೆಗೆಯಲಿಕ್ಕಲ್ಲ.

ಬಂಡುಕೋರರು ಟಂಬಾನನ್ನು ಹೊಳೆಯಾಚೆ ಎಳೆದೊಯ್ದರೆಂದು ಊರಿಗೆಲ್ಲ ಹೇಳಿದ. ಟಂಬಾನ ತಾಯಿ ಮಾ ಸಿಯಾ ನಂಬಿದಳು. ಪ್ರತಿ ಶುಕ್ರವಾರ ಮರಗೆಣಸಿನ ಸೊಪ್ಪಿನ ಸಾರು ತಂದು, ಮಗನ ಪಾಲೆಂದು ಇವನಿಗೆ ಬಡಿಸುತ್ತಿದ್ದಳು. ಒಂದು ದಿನ, ಏನನ್ನಾದರೂ ಬೇಡಿಕೊಳ್ಳುವಾಗ ಕೊಡುವ ಬಿಳಿ ಕೋಲಾ ಕಾಯಿಯನ್ನು ಅವನ ಅಂಗೈಯಲ್ಲಿಟ್ಟು ಕೇಳಿದಳು:

"ಜೀವಂತ ಸಿಗಲ್ಲ, ಗೊತ್ತು. ಮೂಳೆನಾದ್ರೂ ತಂದ್ಕೊಡ್ತೀಯಾ ಮಗಾ?"

"ತಂದ್ಕೊಡ್ತೀನಿ, ಮಾ."

ಇನ್ನು ಆ ಸಾರು ಉಣ್ಣುವುದು ಅವನಿಂದಾಗುವಂತಿರಲಿಲ್ಲ. ಕಲ್ಲು ಮಾರಬೇಕು, ಮುದುಕಿಯ ಮನೆಗೆ ತಗಡು ಹೊದಿಸಬೇಕು, ಮತ್ತೆ ಆ ಮುಖ ಕಾಣದಷ್ಟು ದೂರ ಹೋಗಬೇಕು.

ಉಪಾಯವನ್ನು ಅವನು ಗರಸು ಜಾಲಿಸುವಷ್ಟೇ ತಾಳ್ಮೆಯಿಂದ ಜಾಲಿಸಿದ. ಜಮೀನು ಅವನದು, ಪರವಾನಗಿಯೂ ಅವನದೇ. ಈಗ ಅಗೆಯುತ್ತಿದ್ದ ಎರಡು ಗುಂಡಿಗಳಲ್ಲಿ ಆಳುಗಳಿದ್ದರು. ಅಲ್ಲಿ ಸಿಕ್ಕಿತೆಂದರೆ ನಾವು ನೋಡಲೇ ಇಲ್ಲ ಅನ್ನುತ್ತಾರೆ. ಸಾಕ್ಷಿಯಿಲ್ಲದ್ದು ಒಂದೇ, ಮೂಲೆಯಲ್ಲಿ ಮುಚ್ಚಿಹೋದ ಹಳೆಯ ಗುಂಡಿ. ಅದರ ಅಂಚಿನಲ್ಲಿ ಒಬ್ಬನೇ ಮೊಣಕಾಲುದ್ದ ಕೆದರಿ, ಕಲ್ಲನ್ನು ಹಸಿ ಕೆಸರಿನಲ್ಲಿ ಹೊರಳಿಸಿ, ಕೊಯ್ದು ಎಂಬ ಪಟ್ಟಣದ ಗಣಿ ಕಚೇರಿಗೆ ಒಯ್ದ.

ಗುಮಾಸ್ತ ಕಲ್ಲನ್ನು ಬೆಳಕಿಗೆ ಹಿಡಿದು, ಬಿಟ್ಟ ಗುಂಡಿಯಲ್ಲಿ ಇಂಥದು ಸಿಗುವುದಾದರೆ ತಾನಿಲ್ಲಿ ಲೇಖನಿ ಹಿಡಿದು ಯಾಕೆ ಸವೆಯಬೇಕು ಎಂದು ನಕ್ಕ. ಜಾಗ ಯಾವುದೆಂದು ಎರಡು ಸಲ ಕೇಳಿ ಬರೆದುಕೊಂಡ. ಮೊಹರು ಬಿತ್ತು. ರಕ್ತದ ವಜ್ರ ಬರೀ ಗ್ಲಾಸಿಯಾಯಿತು. ಮರುದಿನ ಪೇಟೆಯಲ್ಲಿ ಅದನ್ನು ಮಾರಿ, ಫೆಂಗಾಯ್ ತಗಡಿನ ಹಾಳೆಗಳೊಂದಿಗೆ ಊರಿಗೆ ಹೊರಟ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ಎದೆ ಹಗುರಾಗಿತ್ತು.

ಹೊಲದ ತಿರುವಿನಲ್ಲೇ ಸಲಿಕೆಗಳ ಸದ್ದು ಕೇಳಿಸಿತು. ಕಚೇರಿಯ ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿತ್ತು. ದೊಡ್ಡ ಕಲ್ಲು ಸಿಕ್ಕಿದ ಕಡೆಗೆ ಊರಿಗೆ ಊರೇ ಗುದ್ದಲಿ ಹಿಡಿದು ಓಡುತ್ತದೆ. ಹಾಗೆ ಅವನೇ ಎಷ್ಟೋ ಸಲ ಓಡಿದ್ದ. ಆದರೆ ಮೂಲೆಯ ಆ ಜಾಗ ಅವನ ಮನಸ್ಸಿನಲ್ಲಿ ಎಂದೋ ಗೋರಿಯಾಗಿಬಿಟ್ಟಿತ್ತು. ಉಳಿದವರಿಗೆ ಅದಿನ್ನೂ ಬರೀ ಗುಂಡಿ ಎಂಬುದೊಂದೇ ಅವನಿಗೆ ಹೊಳೆದಿರಲಿಲ್ಲ. ಈಗ ಸದ್ದು ನಿಂತಿತು. ಜನ ದಾರಿ ಬಿಟ್ಟರು. ಕೆಂಪು ಮಣ್ಣಿನೊಳಗಿಂದ ಮೇಲಕ್ಕೆ ಚಾಚಿದ ಮೂಳೆಗೈ, ಅದರಲ್ಲಿ ತಾಮ್ರದ ಕಡಗ. ಮಾ ಸಿಯಾ ಅದರ ಪಕ್ಕ ಕುಳಿತು, ಬರಿದಾದ ಆ ಬೆರಳುಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸುತ್ತಿದ್ದಳು. ತಲೆಯೆತ್ತಿ ಅವನನ್ನೂ ಅವನ ತಗಡುಗಳನ್ನೂ ಬಹಳ ಹೊತ್ತು ನೋಡಿದಳು. "ತಂದ್ಕೊಟ್ಟೆ, ಮಗಾ" ಅಂದಳು.