ಹಲ್ಲಿಗೆ ಸಿಕ್ಕ ವೈರು

ಗಾಡಿಗಳ ವೈರಿಂಗ್ ಕೆಲಸದ ಹೊಸ ಅಳಿಯನಿಗೆ ಹೇಸಿಗೆ ಎಂಬುದೇ ಇರಲಿಲ್ಲ. ಆಯಿಲ್ ಮೆತ್ತಿದ ಕೈಯಲ್ಲೇ ಉಣ್ಣುತ್ತಿದ್ದ; ಎಂಥ ಕೊಳಕು ವೈರಾದರೂ ಹಲ್ಲಿನಿಂದಲೇ ಕಚ್ಚಿ ಸುಲಿಯುತ್ತಿದ್ದ.

"ಅಳಿಯಂದ್ರೇ, ಆ ಕಾರಿಗೆ ಮಾತ್ರ ಕೈ ಹಾಕ್ಬೇಡಿ," ಎಂದರು ಗ್ಯಾರೇಜು ನಡೆಸುವ ಮಾವ, ದನಿ ತಗ್ಗಿಸಿ. "ಆಸ್ತಿ ಪಾಲಿನ ಜಗಳದಲ್ಲಿ ಕಾರಿನ ಯಜಮಾನನ ತಮ್ಮನೇ ಅದಕ್ಕೆ ಮಾಟ ಮಾಡ್ಸಿದಾನೆ. ಬಂದ ಎಲೆಕ್ಟ್ರಿಷಿಯನ್‌ಗಳೆಲ್ಲ ಬಿಟ್ಟು ಓಡಿದ್ರು."

"ಮಾಟ ಎಷ್ಟು ವೋಲ್ಟ್ ಇದೆ ಅಂತ ಮೀಟರ್ ಹಿಡಿದು ನೋಡ್ತೀನಿ ಬಿಡಿ ಮಾವ."

ನಕ್ಕರೂ ಅವನಿಗೆ ಹಟವಿತ್ತು. ಇದನ್ನು ಸರಿಮಾಡಿದವನಿಗೆ ತನ್ನ ಅಷ್ಟೂ ಗಾಡಿಗಳ ವೈರಿಂಗ್ ಕೆಲಸ ಕೊಡುತ್ತೇನೆಂದು ಯಜಮಾನ ಹೇಳಿದ್ದ. ಅದು ಸಿಕ್ಕರೆ ಮಾವನ ಮನೆಯ ಹಂಗು ಬಿಟ್ಟು, ಹೆಂಡತಿಯೊಡನೆ ಬೇರೆ ಮನೆ ಮಾಡಬಹುದಿತ್ತು.

ಹಳೆಯ ಕಾರು. ಓಡುತ್ತ ಓಡುತ್ತ ದೀಪ ಆರುತ್ತಿತ್ತು, ತಾನಾಗಿ ಹತ್ತುತ್ತಿತ್ತು. ಬ್ಯಾಟರಿ ಸರಿಯಿತ್ತು, ಫ್ಯೂಸೂ ಸರಿಯಿತ್ತು. ಅವನು ಅಂಗಾತ ಮಲಗಿ, ಡ್ಯಾಶ್‌ಬೋರ್ಡಿನ ಕೆಳಗಿನ ಕತ್ತಲಿಗೆ ತಲೆ ತೂರಿಸಿ, ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಿಸುತ್ತ ಹೋದ.

"ಮಾವ, ದೀಪ ನೋಡ್ತಿರಿ!"

"ಉರೀತಿದೆ... ಉರೀತಿದೆ... ಆರ್ತು!"

ಆ ಜಾಗಕ್ಕೆ ಟಾರ್ಚ್ ಬೆಳಕು ಬಿಟ್ಟ. ಅಲ್ಲಿ ಟೇಪಿನ ಬದಲು ಕೂದಲು ಸುತ್ತಿತ್ತು. ಜಿಡ್ಡುಗಟ್ಟಿದ ಉದ್ದ ಕೂದಲು. ಬುಡಕ್ಕೆ ನೆತ್ತಿಯ ಚರ್ಮದ ಹಕ್ಕಳೆ ಅಂಟಿಕೊಂಡಿತ್ತು. ಸತ್ತ ಇಲಿ ಬಿಸಿಲಿಗೆ ಕೊಳೆತಂಥ ನಾತ. ಯಾವುದೋ ಇಲಿಗೂಡು ಎಂದುಕೊಂಡು ಕೂದಲನ್ನು ಬೆರಳಲ್ಲಿ ಸರಿಸಿದ. ಒಳಗಿನ ವೈರು ಸುಲಿಯಲು ಕಚ್ಚಿದ.

ಹಲ್ಲಿಗೆ ಸಿಕ್ಕದ್ದು ತಾಮ್ರವಲ್ಲ. ಮೆತ್ತಗಿತ್ತು. ಬೆಚ್ಚಗಿತ್ತು. ಪಿಚಕ್ಕನೆ ಒಡೆಯಿತು. ಬಾಯಿ ತುಂಬ ಕೀವು. ಉಗುಳಹೋದ. ಆಗಲಿಲ್ಲ. ಕೂದಲು ನಾಲಿಗೆಗೆ ಸುತ್ತಿಕೊಂಡಿತ್ತು. ಗಂಟಲಿಗೆ ತೆವಳುತ್ತಿತ್ತು. ಹಾರನ್ ತಾನಾಗಿ ಅರಚಿತು. ನಿಲ್ಲಲೇ ಇಲ್ಲ. ಮಾವ ಕಾಲು ಹಿಡಿದು ಎಳೆದರು. ಕೂದಲೂ ಎಳೆಯಿತು. ಏನೋ ಹರಿಯಿತು.

"ಬಾಯಿ ತೆಗೀರಿ! ಅಳಿಯಂದ್ರೇ, ಬಾಯಿ..." ಮಾವ ಒಮ್ಮೆ ಒಳಗೆ ನೋಡಿದರು. ಮುಖ ತಿರುಗಿಸಿ ಅಲ್ಲೇ ವಾಂತಿ ಮಾಡಿಕೊಂಡರು.

ಆಮೇಲೆ ಕಾರಿನ ದೀಪ ಆರಲಿಲ್ಲ. ಯಜಮಾನ ಮಾತಿಗೆ ತಪ್ಪದೆ ಗಾಡಿಗಳನ್ನೆಲ್ಲ ಕಳಿಸಿದ. ಬೇರೆ ಮನೆಯೂ ಆಯಿತು. ಈಗ ಅಳಿಯನ ದವಡೆ ಇದ್ದಕ್ಕಿದ್ದಂತೆ ಕಚ್ಚಿಕೊಳ್ಳುತ್ತದೆ, ತಾನಾಗಿ ಬಿಡುತ್ತದೆ. ಬಿಟ್ಟಾಗ ಹೊರಬರುವ ನಾತ ತಡೆಯಲಾರದೆ ಹೆಂಡತಿ ಅಪ್ಪನ ಮನೆಗೆ ವಾಪಸಾದಳು.

ಹೋದದ್ದು ಹನ್ನೊಂದು ಹಲ್ಲು, ಅರ್ಧ ನಾಲಿಗೆ, ಒಬ್ಬ ಹೆಂಡತಿ.