ಎಡಮೂಲೆಯ ಕಪ್ಪು ಬಂಡೆ

"ನಿಮಗೆ ಚಿತ್ರ ಓದೋಕೆ ಬರುತ್ತಲ್ಲ ಮೇಡಂ, ಇದನ್ನೂ ಓದಿ," ಎಂದು ಡ್ರಾಯಿಂಗ್ ಮೇಷ್ಟ್ರು ಶುಕ್ರವಾರ ಸಂಜೆ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. "ಬೇರೆ ಊರಿನ ಶಾಲೆಯವರು ಕರೀತಿದ್ದಾರೆ. ಹೋಗೋದೋ ಇರೋದೋ ಅಂತ ಸೋಮವಾರ ಹೇಳಬೇಕು. ಅಷ್ಟರಲ್ಲಿ ನಿಮ್ಮ ಉತ್ತರ ಬೇಕು."

ಕಣ್ಣಲ್ಲೇ ನಕ್ಕು ಹೊರಟುಹೋದರು. ಆ ನಗುವಿಗೆ ಏನರ್ಥವೋ, ಅದೂ ತಿಳಿಯಲಿಲ್ಲ.

ನಾನು ಅದೇ ಶಾಲೆಯ ಕೌನ್ಸೆಲರ್. ಮಕ್ಕಳು ಬಿಡಿಸಿದ ಮನೆ, ಮರ ನೋಡಿ ಅವರ ಮನಸ್ಸಿನಲ್ಲಿ ಏನಿದೆಯೆಂದು ಹೇಳುವುದು ನನ್ನ ಕೆಲಸ. ಆದರೆ ಎರಡು ವರ್ಷದಿಂದ ಒಳಗೊಳಗೇ ಇಷ್ಟಪಟ್ಟ ಮನುಷ್ಯನ ಚಿತ್ರ ಕೈಗೆ ಬಂದಾಗ ಕಲಿತದ್ದೆಲ್ಲ ಕೈಕೊಟ್ಟಿತು.

ಪೆನ್ಸಿಲಿನಲ್ಲಿ ಬಿಡಿಸಿದ ಹಳ್ಳಿ. ಹೊಲ, ಕೆರೆ, ಬಾಗಿಲಿಲ್ಲದ ಮನೆ, ದೂರ ದೂರ ನಿಂತ ಎರಡು ಮರ, ಅರ್ಧಕ್ಕೇ ನಿಂತ ದಾರಿ. ಕೆಳಗೆ ಎಡಮೂಲೆಯಲ್ಲಿ ಒಂದು ಕಪ್ಪು ಬಂಡೆ.

ನನ್ನ ಪುಸ್ತಕದ ಪ್ರಕಾರ ಬಾಗಿಲಿಲ್ಲದ ಮನೆ ಎಂದರೆ ಯಾರೂ ಒಳಗೆ ಬರಬೇಡಿ ಎಂದು. ಬಂಡೆ ಎಂದರೆ ಅಡ್ಡಿ. ಕೆರೆ ಮಾತ್ರ ತುಂಬಿತ್ತು, ಅದು ಪ್ರೀತಿ. ಪ್ರೀತಿಯೋ, ಬರೀ ನೀರೋ?

ಅಕ್ಕನಿಗೆ ತೋರಿಸಿದೆ. ತರಕಾರಿ ಹೆಚ್ಚುತ್ತಲೇ, "ಮರ ದೂರ ದೂರ ಇದೆ ಕಣೇ. ಮುಗೀತು, ಹೋಗ್ತಾನೆ ಅವನು," ಎಂದಳು. ಸ್ವಲ್ಪ ಹೊತ್ತಿಗೆ, "ಅಲ್ವೇ, ದಾರಿ ಅರ್ಧಕ್ಕೇ ನಿಂತಿದೆಯಲ್ಲ? ಹಾಗಾದ್ರೆ ಹೋಗಲ್ವೇನೋ!" ಎಂದಳು. ನನಗಿದ್ದ ಗೊಂದಲ ಎರಡರಷ್ಟಾಯಿತು.

ಸೋಮವಾರ ಡ್ರಾಯಿಂಗ್ ರೂಮಿಗೆ ಹೋದಾಗ ಮೇಷ್ಟ್ರು ಬ್ರಷ್ ತೊಳೆಯುತ್ತಿದ್ದರು. ಧೈರ್ಯ ತಂದುಕೊಂಡು ಹೇಳಿಯೇಬಿಟ್ಟೆ.

"ಮನೆಗೆ ಬಾಗಿಲಿಲ್ಲ. ಮುಂದೆ ಬಂಡೆ ಅಡ್ಡ. ನೀವು ಹೋಗೋಕೆ ನಿರ್ಧಾರ ಮಾಡಿದ್ದೀರಿ."

ಅವರು ಕಕ್ಕಾಬಿಕ್ಕಿಯಾದರು. "ಅದು ಮನೆ ಹಿಂಭಾಗ ಮೇಡಂ! ಬಾಗಿಲು ಆ ಕಡೆ ಇದೆ. ಮರ ಇರೋದೇ ಅಷ್ಟು ದೂರ. ದಾರಿ ಬಿಡಿಸಿ ಮುಗಿಸೋದ್ರೊಳಗೆ ಮಕ್ಕಳೆಲ್ಲ ಬಸ್ ಹತ್ತಿಬಿಟ್ರು."

"ಹೋದ ತಿಂಗಳು ಮಕ್ಕಳನ್ನ ಕರ್ಕೊಂಡು ಹೋಗಿದ್ವಲ್ಲ, ಆ ಟೂರಾ ಇದು? ಅಲ್ಲಿ ಬಂಡೆನೇ ಇರಲಿಲ್ಲ!"

"ಇದ್ರಲ್ಲೂ ಇಲ್ಲವಲ್ಲ."

ಬೆರಳಿಟ್ಟು ತೋರಿಸಿದೆ. ಮೇಷ್ಟ್ರು ಒಮ್ಮೆ ಬಂಡೆಯನ್ನು, ಒಮ್ಮೆ ನನ್ನ ತುರುಬನ್ನು ನೋಡಿದರು. ಅವರ ಕಿವಿ ಕೆಂಪಾಯಿತು.

"ಅದು ನಿಮ್ಮ ತಲೆ. ನನ್ನ ಮುಂದೆ ಕೂತಿದ್ರಲ್ಲ."

"ಸ್ವಲ್ಪ ಸರೀರಿ ಅನ್ನಬಹುದಿತ್ತು. ಇಲ್ಲಾಂದ್ರೆ ತಲೆ ಬಿಟ್ಟು ಬಿಡಿಸಬಹುದಿತ್ತು."

"ಮೊದಲು ಬಿಡಿಸಿದ್ದೇ ಅದನ್ನ. ಹೊಲ, ಕೆರೆ ಎಲ್ಲ ಆಮೇಲೆ. ನಿಮಗೆ ನಾನು ಬೇಡ ಅಂದ್ರೆ ಸಂಜೆಯೊಳಗೆ ಆ ಶಾಲೆಗೆ ಹೂಂ ಅಂತೀನಿ."

ನನ್ನ ತಲೆಯನ್ನೇ ಅಡ್ಡಿ ಎಂದು ಓದಿದ ನನ್ನ ವಿದ್ಯೆಗೆ ಏನೆನ್ನಲಿ! ನಗುವೂ ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ ಈಗಲೂ ಗೊತ್ತಿಲ್ಲ. ಬೇಡ ಎನ್ನುವುದು ಮಾತ್ರ ಸಾಧ್ಯವೇ ಇರಲಿಲ್ಲ.

ಅವರ ಜೇಬಿನ ಪೆನ್ಸಿಲ್ ಎಳೆದುಕೊಂಡು, ಆ ಬಂಡೆಯ ಪಕ್ಕದಲ್ಲೇ ಇನ್ನೊಂದು ಬಂಡೆ ಗೀಚಿದೆ. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ; ಅದು ಆಲೂಗಡ್ಡೆಯಂತೆ ಕಂಡಿತು.

"ಏನಿದು?"

"ನೀವೇ ಓದಿ," ಎಂದೆ.

ಮೇಷ್ಟ್ರು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕದಲ್ಲೇ ಕುಳಿತು, ನಿಧಾನವಾಗಿ ಓದತೊಡಗಿದರು.